ಬೇಲಿ ಸುತ್ತುವವನ ಹಾಡು

ಕ್ಯಾಸೆಟ್ಟಿನ ಮೊದಲ ಮಗ್ಗುಲಿನ ಕೊನೆಯ ಹಾಡು ಅದು. ಪಿಯಾನೊ ನಿಂತು, ಪಿಟೀಲುಗಳು ಕರಗಿ, ಒಂದೆರಡು ಕ್ಷಣ ಬರೀ ಟೇಪು ಸವೆಯುವ ಸದ್ದು. ಆಮೇಲೆ ಟೇಪ್‌ರೆಕಾರ್ಡರಿನ ಗುಂಡಿ ಟಕ್ಕೆಂದು ಮೇಲೇಳುತ್ತಿತ್ತು. ಎಂಬತ್ತರ ದಶಕದಲ್ಲಿ, ಬೆಂಗಳೂರಿನ ಹಾಸ್ಟೆಲಿನಲ್ಲಿ, ನಮ್ಮ ಕೋಣೆಗೆ ರಾತ್ರಿಯಾಗುತ್ತಿದ್ದುದು ಆ ಟಕ್ ಸದ್ದಿಗೆ. ಎದ್ದು ಹೋಗಿ ಮಗ್ಗುಲು ಬದಲಿಸುವ ಉಮೇದು ಮೂವರಲ್ಲಿ ಒಬ್ಬರಿಗೂ ಇರುತ್ತಿರಲಿಲ್ಲ. ಹಾಗಾಗಿ ಈಗಲ್ಸ್ ತಂಡದ ಆ ಸಂಕಲನದ ಎರಡನೆಯ ಮಗ್ಗುಲು ನನಗೆ ಇವತ್ತಿಗೂ ಅಷ್ಟಕ್ಕಷ್ಟೆ. ‘ಡೆಸ್ಪರಾಡೊ’ ಮಾತ್ರ ನಿದ್ದೆಗೆ ಅಂಟಿಕೊಂಡುಬಿಟ್ಟಿತು.

ಸಾಗರದ ಕಡೆಯ ಕನ್ನಡ ಶಾಲೆಯಿಂದ ಬಂದವನಿಗೆ ಹಾಡಿನ ಅರ್ಧ ಮಾತೂ ಸಿಕ್ಕುತ್ತಿರಲಿಲ್ಲ. ಸಿಕ್ಕಿದ್ದಿಷ್ಟು: ಯಾರೋ ಒಬ್ಬ ಕುದುರೆ ಸವಾರ, ಕಾನೂನಿಗೆ ಬೆನ್ನು ಹಾಕಿದವನು, ವಯಸ್ಸಾಗುತ್ತಿದೆ, ಚಳಿ ಹಿಡಿದಿದೆ, ಆಡುವ ಇಸ್ಪೀಟೂ ಅವನ ಪಾಲಿಗೆ ಒಳ್ಳೆಯದಲ್ಲ. ಅವನ ಗೆಳೆಯ ಅವನಿಗೆ ಬುದ್ಧಿ ಹೇಳುತ್ತಿದ್ದಾನೆ. ಸಾಕಿನ್ನು, ಇಳಿದು ಬಾ, ಯಾರಾದರೂ ನಿನ್ನನ್ನು ಪ್ರೀತಿಸುವುದಕ್ಕೆ ಬಿಡು ಅಂತ. ಹೆಸರಿನಲ್ಲಿ ಡಕಾಯಿತ ಇದ್ದರೂ ಹಾಡಿನಲ್ಲಿ ಒಂದು ಗುಂಡೂ ಹಾರುವುದಿಲ್ಲ. ಶುರುವಿಗೆ ಡ್ರಮ್ಮೂ ಇಲ್ಲ, ಪಿಯಾನೊ ಒಂದೇ. ಹೇಳುವ ಮಾತು ಹೆಚ್ಚುಕಡಿಮೆ ನಮ್ಮೂರಿನ ಹಿರಿಯರು ಮದುವೆಯಾಗದೆ ಉಳಿದ ಗಂಡಸಿಗೆ ಜಗಲಿಯಲ್ಲಿ ಕೂತು ಹೇಳುತ್ತಿದ್ದುದೇ.

ಮೊದಲ ಚರಣದಲ್ಲೇ ಬೇಲಿಯ ಪ್ರಸ್ತಾಪ ಬರುತ್ತದೆ. ಅದನ್ನು ನಾನು ಬೇಲಿ ಮೇಲೆ ಕೂತ ಓತಿಕ್ಯಾತದ ಹಾಗೆ ಅರ್ಥ ಮಾಡಿಕೊಂಡಿದ್ದೆ. ಇತ್ತಲೂ ಇಳಿಯದ, ಅತ್ತಲೂ ಹಾರದ ಮನುಷ್ಯ. ಮೂವತ್ತು ವರ್ಷ ಹಾಗೇ ಕೇಳಿದೆ. ತಪ್ಪು ಅಂತ ಗೊತ್ತಾದದ್ದು ಓಕ್ಲಹೋಮಾದಲ್ಲಿ.

ಟಲ್ಸಾದಲ್ಲಿರುವ ತಂಗಿಯ ಮಗನ ಮನೆಗೆ ಹೋಗಿದ್ದೆ. ಅವನ ನೆರೆಯವರು ದನ ಸಾಕಿ ನಿವೃತ್ತರಾದ ಮುದುಕರು. ಯಾವುದೋ ಮಾತಿಗೆ ಈ ಹಾಡು ಬಂತು. ನನ್ನ ಓತಿಕ್ಯಾತದ ವ್ಯಾಖ್ಯಾನ ಕೇಳಿ ಅವರಿಗೆ ನಗು ತಡೆಯಲಾಗಲಿಲ್ಲ. ಹಾಡಿನಲ್ಲಿರುವುದು ಬೇಲಿಯ ಮೇಲೆ ಕೂರುವುದಲ್ಲವಂತೆ, ಬೇಲಿಯ ಗುಂಟ ಕುದುರೆ ಓಡಿಸುವುದು. ಅದೊಂದು ಕೂಲಿ ಕೆಲಸ. ಕುದುರೆಯ ಜೀನಿಗೆ ಇಕ್ಕಳ, ಮೊಳೆ, ಒಂದು ಸುರುಳಿ ತಂತಿ ಕಟ್ಟಿಕೊಂಡು ಹೊರಡಬೇಕು. ಬಿದ್ದ ಗೂಟ ನೆಡಬೇಕು, ಹರಿದ ತಂತಿ ಬಿಗಿಯಬೇಕು, ದಾಟಿಹೋದ ದನ ಅಟ್ಟಿಕೊಂಡು ಬರಬೇಕು. ರಾತ್ರಿಯಾದಲ್ಲಿ ಒಂದು ಗುಡಿಸಲು. ದಿನಗಟ್ಟಲೆ ಮಾತಿಗೆ ಕುದುರೆ ಬಿಟ್ಟರೆ ಇನ್ನೊಂದು ಜೀವವಿಲ್ಲ. ಜೋಸೆಫ್ ಗ್ಲಿಡನ್ 1874ರಲ್ಲಿ ಮುಳ್ಳುತಂತಿಗೆ ಪೇಟೆಂಟ್ ಪಡೆದ ಮೇಲೆ ಹೆಚ್ಚಿದ ಕೆಲಸ ಇದು. ಅಲ್ಲಿಯವರೆಗೆ ಬಯಲಿಗೆ ಬಯಲೇ ದನ ಹೊಡೆದುಕೊಂಡು ಹೋಗುತ್ತಿದ್ದ ಕೌಬಾಯ್‌ಗಳ ದಾರಿಗೆ ಅದೇ ತಂತಿ ಅಡ್ಡ ಬಿತ್ತು. ಆಮೇಲೆ ಅವರಲ್ಲೇ ಕೆಲವರು ಅದರ ಕಾವಲಿಗೆ ಸಂಬಳ ಎಣಿಸಿಕೊಂಡರು.

ನನಗೆ ಅಪ್ಪನ ನೆನಪಾಯಿತು. ಮಳೆಗಾಲ ಮುಗಿಯುತ್ತಿದ್ದಂತೆ ಕತ್ತಿ ಹಿಡಿದು ತೋಟದ ಬೇಲಿ ಸುತ್ತಲು ಹೋಗುತ್ತಿದ್ದರು. ಕೊಳೆತ ಗೂಟ ಬದಲಿಸಿ, ಮುಳ್ಳು ಒತ್ತಿ, ದಣಪೆಯ ಗಳು ಸರಿಮಾಡಿ ಸಂಜೆ ಬಂದವರು ಆ ದಿನ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಸುಸ್ತಾಗಿರಬೇಕು ಅಂದುಕೊಳ್ಳುತ್ತಿದ್ದೆವು.

ಈಗಲ್ಸ್ ತಂಡದ ಡಾನ್ ಹೆನ್ಲಿ ಈ ಹಾಡಿನ ಚೂರುಗಳನ್ನು ಎಷ್ಟೋ ವರ್ಷದಿಂದ ಇಟ್ಟುಕೊಂಡಿದ್ದರು. ಗ್ಲೆನ್ ಫ್ರೈ ಜೊತೆ ಕೂತು ಅದನ್ನು ಪೂರೈಸಿದರು. ಹೆನ್ಲಿ ಟೆಕ್ಸಸ್ಸಿನ ಸಣ್ಣ ಊರಿನವರು, ಫ್ರೈ ಕಾರು ಕಾರ್ಖಾನೆಗಳ ಡೆಟ್ರಾಯಿಟ್‌ನವರು. ಲಾಸ್ ಏಂಜಲೀಸಿನಲ್ಲಿ ಕೂಡಿದ ಈ ಹುಡುಗರು ಪಶ್ಚಿಮದ ಬಯಲಿನ ಹಾಡನ್ನು ಮುದ್ರಿಸಿಕೊಂಡದ್ದು ಲಂಡನ್ನಿನ ಐಲ್ಯಾಂಡ್ ಸ್ಟುಡಿಯೋದಲ್ಲಿ! ನಿರ್ಮಾಪಕ ಗ್ಲಿನ್ ಜಾನ್ಸ್ ಇಂಗ್ಲೆಂಡಿನವರು, ಪಿಟೀಲು ನುಡಿಸಿದವರೂ ಅಲ್ಲಿಯವರೇ. ಆ ವಾದ್ಯವೃಂದದ ಎದುರು ಹಾಡಲು ತಮಗೆ ಅಳುಕಾಗಿತ್ತು, ಇನ್ನೊಮ್ಮೆ ಹಾಡುವ ಅವಕಾಶ ಸಿಕ್ಕಿದ್ದರೆ ಅನ್ನುವ ಅರ್ಥದ ಮಾತನ್ನು ಹೆನ್ಲಿ ಮುಂದೆ ಆಡಿದ್ದಾರೆ. ನಾನಂತೂ ಆ ಅಳುಕಿಗೆ ಋಣಿ. ಗೆಳೆಯನಿಗೆ ಬುದ್ಧಿ ಹೇಳುವವನ ದನಿ ಪೂರ್ತಿ ಗಟ್ಟಿಯಾಗಿದ್ದರೆ ಅದು ಉಪದೇಶವಾಗುತ್ತದೆ. 1973ರಲ್ಲಿ ಬಂದ ಆಲ್ಬಮ್ಮಿಗೆ ಇದೇ ಹಾಡಿನ ಹೆಸರು. ಆದರೂ ಇದನ್ನು ಬಿಡಿ ತಟ್ಟೆಯಾಗಿ ಅವರು ಹೊರತರಲಿಲ್ಲ. ಲಿಂಡಾ ರಾನ್‌ಸ್ಟಾಟ್ ಅದೇ ವರ್ಷ ಹಾಡಿದರು. ಆಮೇಲೆ 1976ರ ಸಂಕಲನದ ಬೆನ್ನೇರಿ ಅದು ನಮ್ಮ ಹಾಸ್ಟೆಲಿನವರೆಗೂ ಬಂತು. ಜಾನಿ ಕ್ಯಾಶ್ ಮುದಿ ದನಿಯಲ್ಲಿ ಹಾಡಿದ್ದು 2002ರಲ್ಲಿ. ಅದನ್ನು ಕೇಳುವಾಗ ಹಾಡು ಬುದ್ಧಿ ಹೇಳುವವನದೋ, ಹೇಳಿಸಿಕೊಳ್ಳುವವನದೋ ತಿಳಿಯುವುದಿಲ್ಲ.

ಆಲ್ಬಮ್ಮಿನ ಹಿಂಬದಿಯ ಚಿತ್ರದಲ್ಲಿ ತಂಡದ ನಾಲ್ವರೂ, ಅವರ ಗೆಳೆಯರಾದ ಜಾಕ್ಸನ್ ಬ್ರೌನ್, ಜೆ.ಡಿ. ಸೌದರ್ ಕೂಡ ಸತ್ತ ಡಕಾಯಿತರಾಗಿ ನೆಲದ ಮೇಲೆ ಮಲಗಿದ್ದಾರೆ. ಅದು ಡಾಲ್ಟನ್ ಗ್ಯಾಂಗಿನ ಶವಗಳ ಹಳೆಯ ಫೋಟೋದ ನಕಲು. ಅಸಲಿ ಫೋಟೋ ತೆಗೆದ ಊರು ಕಾಫಿವಿಲ್, ಕ್ಯಾನ್ಸಸ್ ರಾಜ್ಯದ ಅಂಚಿನಲ್ಲಿದೆ, ಟಲ್ಸಾದಿಂದ ಸುಮಾರು ಒಂದೂವರೆ ಗಂಟೆಯ ದಾರಿ.

“ಅಷ್ಟು ದೂರದಿಂದ ಬಂದು ಕಳ್ಳರ ಗೋರಿ ನೋಡ್ತೀರಾ ಮಾವ? ಅಮ್ಮನಿಗೆ ಗೊತ್ತಾದ್ರೆ ನನ್ನ ಬೈತಾಳೆ” ಅಂದ ತಂಗಿಯ ಮಗ. ಆದರೂ ಕಾರು ತೆಗೆದ.

ಡಾಲ್ಟನ್ ಸೋದರರ ಕತೆಯಲ್ಲಿ ವೀರ ಹುಡುಕುವುದು ಕಷ್ಟ. ಅಣ್ಣ ಫ್ರ್ಯಾಂಕ್, ಮಾರ್ಷಲ್ ಕೈಕೆಳಗಿನ ಪೊಲೀಸ್ ಅಧಿಕಾರಿ, 1887ರಲ್ಲಿ ಕೆಲಸದ ಮೇಲಿದ್ದಾಗಲೇ ಗುಂಡಿಗೆ ಸತ್ತ. ತಮ್ಮಂದಿರೂ ಮೊದಲು ಕಾನೂನಿನ ಕಡೆಯವರೇ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅವರು ದರೋಡೆಗೆ ಇಳಿದರು. ಹೆಸರಾಂತ ದರೋಡೆಕೋರ ಜೆಸ್ಸಿ ಜೇಮ್ಸ್‌ನನ್ನು ಮೀರಿಸಬೇಕೆಂದು 1892ರ ಅಕ್ಟೋಬರ್ 5ರ ಬೆಳಿಗ್ಗೆ ಒಂದೇ ಏಟಿಗೆ ಎರಡು ಬ್ಯಾಂಕ್ ಲೂಟಿ ಮಾಡಲು ಹೊರಟರು. ಅದೂ ತಮ್ಮನ್ನು ಬಲ್ಲ ಊರಿನಲ್ಲಿ, ಸುಳ್ಳು ಗಡ್ಡ ಮೀಸೆ ಅಂಟಿಸಿಕೊಂಡು! ಯಕ್ಷಗಾನದ ಬಣ್ಣದ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಗಡ್ಡ ಸಿಗುತ್ತಿತ್ತೇನೋ. ಬೀದಿ ದುರಸ್ತಿಗೆಂದು ಕುದುರೆ ಕಟ್ಟುವ ಗೂಟಗಳನ್ನು ಕಿತ್ತಿದ್ದರು. ಕುದುರೆಗಳನ್ನು ದೂರದ ಓಣಿಯಲ್ಲಿ ಕಟ್ಟಬೇಕಾಯಿತು. ಕಾಂಡನ್ ಬ್ಯಾಂಕಿನ ಗುಮಾಸ್ತ, ತಿಜೋರಿಯ ಗಡಿಯಾರದ ಬೀಗ ತೆಗೆಯಲು ಇನ್ನೂ ಕೆಲವು ನಿಮಿಷ ಬೇಕು ಅಂತ ಸುಳ್ಳು ಹೇಳಿದ. ಇವರು ನಂಬಿ ಕಾದರು. ಅಷ್ಟರಲ್ಲಿ ಊರಿನವರು ಕಬ್ಬಿಣದ ಸಾಮಾನಿನ ಅಂಗಡಿಗಳಿಂದ ಬಂದೂಕು ಎತ್ತಿಕೊಂಡು ಬಂದಿದ್ದರು. ಕುದುರೆಗಳಿದ್ದ ಓಣಿಯೇ ಸಾವಿನ ಓಣಿಯಾಯಿತು. ದರೋಡೆಕೋರರಲ್ಲಿ ನಾಲ್ವರು, ಊರಿನವರಲ್ಲೂ ನಾಲ್ವರು ಸತ್ತರು.

ಉಳಿದವನು ಒಬ್ಬನೇ, ಎಲ್ಲರಿಗಿಂತ ಚಿಕ್ಕವನು, ಎಮ್ಮೆಟ್. ಮೈಯಲ್ಲಿ 23 ಗಾಯ. 14 ವರ್ಷ ಜೈಲು ಕಳೆದು, ಕ್ಷಮೆ ಪಡೆದು ಹೊರಬಂದ. ಮದುವೆಯಾದ, ಕ್ಯಾಲಿಫೋರ್ನಿಯಾಕ್ಕೆ ಹೋದ, ಮೂಕಿ ಚಿತ್ರದಲ್ಲಿ ತನ್ನದೇ ಪಾತ್ರ ಮಾಡಿದ, ದರೋಡೆ ಹೊಟ್ಟೆ ತುಂಬಿಸುವ ಕಸುಬಲ್ಲ ಅಂತ ಹೇಳಿಕೊಂಡು ತಿರುಗಿದ, 1937ರಲ್ಲಿ ಸತ್ತ. ಹಾಡಿನ ಗೆಳೆಯ ಕೊಡುವ ಬುದ್ಧಿಯನ್ನೆಲ್ಲ ಒಬ್ಬ ಡಾಲ್ಟನ್ ಅಕ್ಷರಶಃ ಪಾಲಿಸಿದ್ದ, ಹಾಡು ಹುಟ್ಟುವ ಎಷ್ಟೋ ಮೊದಲೇ. ಅವನ ಬಗ್ಗೆ ಹಾಡು ಕಟ್ಟಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲ. ಇಳಿದು ಬಂದವನಲ್ಲಿ ಹಾಡಿಗೆ ಏನಿದೆ? ನನಗೂ ಬೇಕಾದವನು ಇನ್ನೂ ಇಳಿಯದೆ ಚಳಿಯಲ್ಲಿ ತಂತಿ ಬಿಗಿಯುತ್ತಿರುವವನೇ.

ಗೋರಿ ಇರುವುದು ಎಲ್ಮ್‌ವುಡ್ ಸ್ಮಶಾನದಲ್ಲಿ. ಡಾಲ್ಟನ್ ಸೋದರರಾದ ಬಾಬ್, ಗ್ರ್ಯಾಟ್, ಮತ್ತೆ ಜೊತೆಗಾರ ಬಿಲ್ ಪವರ್, ಮೂವರೂ ಒಂದೇ ಕಡೆ. ಮೇಲಿನ ಕಲ್ಲು ಎಮ್ಮೆಟ್ ಮುಂದೆಂದೋ ಹಾಕಿಸಿದ್ದು. ಅಲ್ಲಿಯವರೆಗೆ ಆ ಜಾಗಕ್ಕೆ ಗುರುತು ಒಂದು ತುಕ್ಕು ಹಿಡಿದ ಕಬ್ಬಿಣದ ಕೊಳವೆ ಮಾತ್ರ. ಆ ಬೆಳಿಗ್ಗೆ ಓಣಿಯಲ್ಲಿ ಅವರು ಕುದುರೆ ಕಟ್ಟಿದ್ದ ಕೊಳವೆಯದು.

ತಂಗಿಯ ಮಗ ಫೋನು ತೆಗೆದು ಹಾಡು ಹಾಕಲು ಹೊರಟ. ಬೇಡ ಮಾರಾಯ ಅಂದೆ. ಗಾಳಿ ಜೋರಾಗಿತ್ತು. ಸ್ಮಶಾನದ ಆಚೆ ಯಾರದೋ ಹುಲ್ಲುಗಾವಲು, ಅದರ ಸುತ್ತ ಐದೆಳೆ ಮುಳ್ಳುತಂತಿ. ಒಂದು ಕಡೆ ಗೂಟ ವಾಲಿತ್ತು.