ಬಾಗಿಲಿನ ಪುಟ್ಟ ಹಲಗೆ

ಜರ್ಮನಿಯ ಸ್ಟುಟ್‌ಗಾರ್ಟ್ ಎಂದರೆ ಬೆಂಜ್, ಪೋರ್ಶೆ ಕಾರುಗಳ ಊರು ಎಂದು ಎಲ್ಲರಿಗೂ ಗೊತ್ತು. ಅದು ಮೆಟ್ಟಿಲುಗಳ ಊರೂ ಹೌದು. ಬೋಗುಣಿಯಂಥ ಕಣಿವೆ, ಸುತ್ತಲಿನ ಗುಡ್ಡ ಹತ್ತಲು 400ಕ್ಕೂ ಹೆಚ್ಚು ಮೆಟ್ಟಿಲುದಾರಿಗಳು. ಇಂಗ್ಲೆಂಡಿನಿಂದ ಮಗಳು-ಅಳಿಯನ ಮನೆಗೆ ಹೋದ ನನಗೆ ಮಂಡಿಯೇ ನನ್ನ ವಯಸ್ಸು ನೆನಪಿಸಿತು!

ಅಲ್ಲಿ ನನಗೆ ಸೋಜಿಗವೆನಿಸಿದ್ದು ಬಾಗಿಲಿಗೆ ನೇತುಹಾಕಿದ್ದ ಪುಟ್ಟ ಹಲಗೆ. 'ಕೇರ್‌ವೋಖೆ', ಅಂದರೆ ಗುಡಿಸುವ ವಾರ. ಹಲಗೆ ಯಾರ ಬಾಗಿಲಲ್ಲಿದೆಯೋ ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ಅವರದು. 1492ರ ಊರಿನ ಕಟ್ಟಳೆಯಲ್ಲೇ ಇದರ ಬೇರಿದೆಯಂತೆ. ಇನ್ನು ಭಾನುವಾರ ಅಂಗಡಿಯೂ ಇಲ್ಲ, ಸದ್ದೂ ಮಾಡುವಂತಿಲ್ಲ. ಇಡ್ಲಿ ಹಿಟ್ಟನ್ನು ಮಕ್ಕಳು ಶನಿವಾರವೇ ರುಬ್ಬಿಡುತ್ತಾರೆ.

"ಎದುರುಮನೆ ಅಜ್ಜಿ ನಿಮ್ಮ ಕೆಲಸ ತಪಾಸಣೆ ಮಾಡ್ತಾರೇನಮ್ಮಾ?" ಎಂದು ನಗೆಯಾಡಿದೆ. ಮಗಳು ನಗಲಿಲ್ಲ.

"ಫೆಬ್ರವರಿಯಲ್ಲಿ ನಮ್ಮ ಸರದೀನೂ ಅವರೇ ಮಾಡಿದ್ರು ಅಪ್ಪಾ. ಮೂರು ತಿಂಗಳಾಗಿತ್ತು, ಮಗು ಉಳೀಲಿಲ್ಲ. ನಿಮಗೆ ಹೇಳಿದ್ರೆ ಎಲ್ಲಾ ಬಿಟ್ಟು ಓಡಿ ಬರ್ತಿದ್ರಿ."

ಇಂಥ ಸುದ್ದಿಯನ್ನು ಎಷ್ಟೋ ದಂಪತಿಗಳಿಗೆ ನಾನೇ ಹೇಳಿದ್ದೇನೆ, ಸಮಾಧಾನದ ಮಾತುಗಳ ಸಮೇತ. ಅವತ್ತು ಒಂದೂ ಬಾಯಿಗೆ ಬರಲಿಲ್ಲ. ಅಳಿಯ ಎದ್ದು ಕಾಫಿ ಮಾಡಲು ಹೋದ. ಮಗಳ ಜರ್ಮನ್ ಆಗಿನ್ನೂ ಅರೆಬರೆ. ಅಜ್ಜಿ ಏನೂ ಕೇಳದೆ, ಇವರ ಬಾಗಿಲಿನ ಹಲಗೆ ತೆಗೆದು ತಮ್ಮ ಬಾಗಿಲಿಗೆ ಹಾಕಿಕೊಂಡಿದ್ದರಂತೆ.

ಆ ಶನಿವಾರ ಬಕೆಟ್ಟು, ಬಟ್ಟೆ ನಾನೇ ಹಿಡಿದೆ. ಅಜ್ಜಿ ಬಾಗಿಲು ತೆರೆದು ನೋಡಿ, ನಾನು ಬಿಟ್ಟಿದ್ದ ಮೂಲೆಯೊಂದನ್ನು ಬೆರಳಿಂದ ತೋರಿಸಿದರು. ಅದನ್ನೂ ಒರೆಸಿದೆ.