ಮುಂದೆ ಉಬ್ಬು, ಹಿಂದೆ ಊದುಬತ್ತಿ!

ಒಂದು ಗುಟ್ಟು ಹೇಳಿಬಿಡುತ್ತೇನೆ. ನಾಯಕರ ತೋಳ್ಬಲದ ಬಗ್ಗೆ ಬರೆದು ನಾಲ್ಕು ಕಾಸು ಸಂಪಾದಿಸುವ ಈ ನಿಮ್ಮ ಬಡ ಪತ್ರಕರ್ತನ ತೋಳಿನ ಸುತ್ತಳತೆ 2019ರಲ್ಲಿ ಎಷ್ಟಿತ್ತು ಗೊತ್ತೇ? ಬರೀ 11 ಇಂಚು! ರವಿಕೆ ಹೊಲಿಯುವ ನಮ್ಮಮ್ಮನ ಟೇಪಿನಲ್ಲಿ ಅಳೆದದ್ದು. ಅಮ್ಮ ಟೇಪು ಸುತ್ತಿಡುತ್ತಾ, "ಪಕ್ಕದ್ಮನೆ ಆಂಟಿ ರವಿಕೆ ತೋಳೇ ಇದಕ್ಕಿಂತ ದೊಡ್ಡದು ಕಣೋ" ಅಂದರು. ನಗು ಬಂತು, ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ಆ ವರ್ಷದ ಸೆಪ್ಟೆಂಬರಿನಲ್ಲಿ ಸುದೀಪ್ ಅವರ 'ಪೈಲ್ವಾನ್' ಬಿಡುಗಡೆಯಾಗಿತ್ತು. ಮೈಸೂರಿನಲ್ಲಿ ಒಂದೇ ವಾರದಲ್ಲಿ ಎರಡು ಸಲ ನೋಡಿದೆ. ಎರಡನೇ ಸಲ ನೋಡಿ ಹೊರಬಂದವನು ಮನೆಗೆ ಹೋಗಲಿಲ್ಲ, ಸೀದಾ ಹೋಗಿ ಒಂದು ಜಿಮ್ಮಿಗೆ ದುಡ್ಡು ಕಟ್ಟಿದೆ. ಬರೆಯುವುದು ಹೊಟ್ಟೆಪಾಡಿಗೆ. ಒಳಗಿದ್ದ ಆಸೆಯೇ ಬೇರೆ, ತೆರೆಯ ಮೇಲೆ ಹೊಡೆದಾಡುವ ಹತ್ತು ಜನರಲ್ಲಿ ನಾನೂ ಒಬ್ಬನಾಗಬೇಕು! ಆ ಹುಚ್ಚಿಗೇ ಎರಡನೇ ಪಿಯುಸಿ ಅರ್ಧಕ್ಕೆ ಬಿಟ್ಟಿದ್ದೆ. ಬಿಟ್ಟ ದಿನದಿಂದ ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದರು. ಅಪ್ಪ ಬಸ್ ಡ್ರೈವರು. ರಾತ್ರಿ ಡ್ಯೂಟಿ ಮುಗಿಸಿ ಬಂದರೆ, "ಅವನು ಉಂಡನಾ?" ಅಂತ ಅಮ್ಮನನ್ನು ಕೇಳುತ್ತಿದ್ದರು. ನಾನು ಎರಡು ಮಾರು ದೂರದಲ್ಲೇ ಕೂತಿರುತ್ತಿದ್ದೆ.

ಜಿಮ್ಮಿನಲ್ಲಿ ನನ್ನ ವಯಸ್ಸಿನವರೆಲ್ಲ ಮಾಡುತ್ತಿದ್ದದ್ದು ಒಂದೇ, ಕರ್ಲ್. ಅಂದರೆ ಡಂಬೆಲ್ ಹಿಡಿದು ಮೊಣಕೈ ಮಡಚಿ ಭುಜದ ಕಡೆಗೆ ಎತ್ತುವುದು. ನಿಂತು ಕರ್ಲ್, ಕೂತು ಕರ್ಲ್, ಉದ್ದ ರಾಡಿನಲ್ಲಿ ಕರ್ಲ್, ತಂತಿ ಎಳೆದು ಕರ್ಲ್! ವಾರಕ್ಕೆ ಆರು ದಿನ ಅದೇ ಪೂಜೆ. ಕಾರಣ ಬಹಳ ಸರಳ. ಎದುರಿಗೆ ದೊಡ್ಡ ಕನ್ನಡಿ, ಕರ್ಲ್ ಮಾಡಿದರೆ ತೋಳಿನ ಮುಂದಿನ ಬೈಸೆಪ್ಸ್ ಉಬ್ಬುವುದು ಅದರಲ್ಲಿ ಕಾಣುತ್ತದೆ. ತೋಳಿನ ಹಿಂಭಾಗವನ್ನು ಯಾವ ಕನ್ನಡಿ ತೋರಿಸುತ್ತೆ ಸ್ವಾಮಿ?

ಐದು ತಿಂಗಳಿಗೆ ಬಲಗೈ ಮೊಣಕೈಯಲ್ಲಿ ನೋವು ಶುರುವಾಯಿತು. ಟೇಪು ತೋರಿಸಿದ್ದು 11¼ ಇಂಚು. ಹೀಗಿರುವಾಗ ಜಿಮ್ಮಿನ ಒಬ್ಬಾತ ಪಕ್ಕಕ್ಕೆ ಕರೆದು, "ಮೂರು ತಿಂಗಳ ಇಂಜೆಕ್ಷನ್ ಕೋರ್ಸ್ ಇದೆ. ಹದಿನೈದು ಸಾವಿರ. ತೋಳು ತಾನಾಗಿ ಬರುತ್ತೆ" ಅಂದ. ನಾನು ಬೇಡ ಅಂದೆ. ಇದರಲ್ಲಿ ನನ್ನ ದೊಡ್ಡತನವೇನೂ ಇಲ್ಲ, ಜೇಬಿನಲ್ಲಿ ಹದಿನೈದು ಸಾವಿರ ಇರಲಿಲ್ಲ ಅಷ್ಟೇ! ಬಡತನ ಕಾಪಾಡಿತು. ಆ ಸ್ಟೆರಾಯ್ಡ್ ಏನು ಮಾಡುತ್ತದೆಂದು ಆಮೇಲೆ ತಿಳಿದುಕೊಂಡೆ. ಹೊರಗಿನಿಂದ ಗಂಡು ಹಾರ್ಮೋನು ಸುರಿದರೆ ಮೈ ತಾನೇ ತಯಾರಿಸುವುದನ್ನು ನಿಲ್ಲಿಸಿಬಿಡುತ್ತದೆ. ವೃಷಣ ಕುಗ್ಗುತ್ತದೆ, ಹೃದಯದ ಗೋಡೆ ದಪ್ಪವಾಗಬಹುದು. ತೋಳು ನೋಡಿ ಹೆಣ್ಣು ಒಪ್ಪಿದರೂ ಮುಂದಿನ ಸಂಸಾರ ಕಷ್ಟ!

2020ರ ಫೆಬ್ರವರಿಯಲ್ಲಿ ಫೈಟರುಗಳ ಆಯ್ಕೆ ಇದೆ ಅಂತ ಗೊತ್ತಾಗಿ ಬೆಂಗಳೂರಿಗೆ ಓಡಿದೆ. ಅಂಗಿ ಬಿಚ್ಚಿ ಸಾಲಾಗಿ ನಿಂತೆವು. ಆಯ್ಕೆ ಮಾಡುವವರು ನನ್ನ ಮುಂದೆ ನಿಂತರು, ತೋಳು ಮಡಚಿ ತೋರಿಸಿದೆ. ತಲೆಯಾಡಿಸಿದರು. ನನ್ನ ಎದೆ ಹಿಗ್ಗಿತು! ಆಮೇಲೆ ನನ್ನನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸಿ ಒಂದೇ ಮಾತು ಹೇಳಿದರು: "ಮುಂದೆ ಉಬ್ಬು, ಹಿಂದೆ ಊದುಬತ್ತಿ." ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮೈಸೂರಿನ ರೈಲಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತೆ.

ಮುಂದಿನ ತಿಂಗಳೇ ಲಾಕ್‌ಡೌನ್. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಂದ್. ಜಿಮ್ಮಿಗೆ ಬೀಗ, ಬಸ್ಸಿಗೂ ಬ್ರೇಕ್! ಮಾತಿಲ್ಲದ ಅಪ್ಪ, ಮಾತಿಲ್ಲದ ಮಗ, ಎರಡು ಕೋಣೆಯ ಮನೆ. ಊಹಿಸಿಕೊಳ್ಳಿ.

ನಾನು ಹಿತ್ತಲಲ್ಲಿ ನೀರಿನ ಬಕೆಟ್ ಹಿಡಿದು ಅದೇ ಕರ್ಲ್ ಮುಂದುವರಿಸಿದ್ದೆ. ಅಪ್ಪ ಬಾಗಿಲಲ್ಲಿ ಕೂತು ಕಾಫಿ ಕುಡಿಯುತ್ತಾ ನೋಡುತ್ತಿದ್ದರು. ಹತ್ತು ದಿನ ನೋಡಿದರು. ಹನ್ನೊಂದನೇ ದಿನ ಬಾಯಿ ಬಿಟ್ಟರು:

"ಎತ್ತಿದ್ದು ಸಾಕು. ತಳ್ಳೋದು ಯಾವಾಗ?"

ಇಷ್ಟು ವರ್ಷದ ಮೇಲೆ ಅಪ್ಪ ನನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು! ನಾನು ಬಕೆಟ್ ಕೆಳಗಿಟ್ಟು ಮಿಕಮಿಕ ನೋಡಿದೆ. ಅಪ್ಪ ಲೋಟ ಬದಿಗಿಟ್ಟು ಎರಡೂ ಕೈಯಲ್ಲಿ ಗಾಳಿಯಲ್ಲೇ ಸ್ಟೀರಿಂಗ್ ಹಿಡಿದರು.

"ಪವರ್ ಸ್ಟೀರಿಂಗ್ ಇಲ್ಲದ ಗಾಡಿ ಓಡಿಸಿದೋನು ನಾನು. ತಿರುವಿನಲ್ಲಿ ಒಂದು ಕೈ ಎಳೆಯುತ್ತೆ, ಇನ್ನೊಂದು ಕೈ ತಳ್ಳುತ್ತೆ. ಬರೀ ಎಳೆಯೋ ಕೈ ಇದ್ದರೆ ಗಾಡಿ ಚರಂಡಿಗೆ. ನೋಡಿಲ್ಲಿ." ಬನಿಯನ್ನಿನಲ್ಲಿದ್ದ ಅಪ್ಪ ಕೈ ನೆಟ್ಟಗೆ ಚಾಚಿ ತೋಳಿನ ಹಿಂಭಾಗ ತೋರಿಸಿದರು. ಐವತ್ತೈದು ದಾಟಿದ ಮನುಷ್ಯನ ತೋಳಿನ ಹಿಂದೆ ಕುದುರೆ ಲಾಳದ ಆಕಾರ ಎದ್ದು ಕಾಣುತ್ತಿತ್ತು!

ಅಪ್ಪ ಹುಡುಗನಾಗಿದ್ದಾಗ ಬೀದಿಯ ಗರಡಿಗೆ ಹೋಗುತ್ತಿದ್ದರಂತೆ. ಅದು ನನಗೆ ತಿಳಿದದ್ದೇ ಅವತ್ತು. ಮಟ್ಟಿಗೆ ಇಳಿಯುವ ಮೊದಲು ದಂಡ, ಬಸ್ಕಿ ಹೊಡೆಯಲೇಬೇಕಿತ್ತಂತೆ. "ದಂಡ ಹೊಡಿ. ಅಂಗೈ ಎರಡೂ ಭುಜಕ್ಕಿಂತ ಹತ್ತಿರ ಇಡು. ಮೊಣಕೈ ಪಕ್ಕಕ್ಕೆ ಹಾರಬಾರದು, ಪಕ್ಕೆಗೆ ಸವರಿಕೊಂಡು ಹೋಗಬೇಕು" ಅಂದರು. ಆರು ದಂಡಕ್ಕೆ ನನ್ನ ಮೂಗು ನೆಲ ಮುಟ್ಟಿತು. ಅಪ್ಪ ನಗಲಿಲ್ಲ. "ನಾಳೆ ಬೇಡ, ನಾಡಿದ್ದು" ಅಂತ ಎದ್ದು ಹೋದರು.

ಆಮೇಲೆ ಕೂತು ಓದಿದೆ. ಅಪ್ಪ ಹೇಳಿದ್ದು ಅಕ್ಷರಶಃ ನಿಜ. ಮೇಲ್ತೋಳಿನ ಗಾತ್ರದಲ್ಲಿ ಹೆಚ್ಚಿನ ಪಾಲು ಹಿಂದಿನ ಟ್ರೈಸೆಪ್ಸ್‌ದು. ಅದಕ್ಕೆ ಮೂರು ಕವಲು, ಬೈಸೆಪ್ಸ್‌ಗೆ ಎರಡೇ. ಬೈಸೆಪ್ಸ್‌ದು ಮೊಣಕೈ ಮಡಚುವ ಕೆಲಸ, ಟ್ರೈಸೆಪ್ಸ್‌ದು ಅದನ್ನು ನೆಟ್ಟಗೆ ಮಾಡುವ ಕೆಲಸ. ನಾನು ಆರು ತಿಂಗಳು ದುಡಿದದ್ದು ಚಿಕ್ಕ ಪಾಲುದಾರನಿಗೆ!

ಹಾಗಾದರೆ ಯಾವ ವ್ಯಾಯಾಮ ಆರಿಸಬೇಕು ಅಂತೀರಾ? ಹತ್ತಾರು ಬೇಡ, ನಾಲ್ಕು ಸಾಕು. ಎರಡು ಎಳೆಯುವುದಕ್ಕೆ, ಎರಡು ತಳ್ಳುವುದಕ್ಕೆ.

ಎಳೆಯುವುದರಲ್ಲಿ ಮೊದಲನೆಯದು, ಅಂಗೈ ನಮ್ಮ ಕಡೆಗಿರುವಂತೆ ಕಂಬಿ ಹಿಡಿದು ಜೋತು ಗದ್ದವನ್ನು ಕಂಬಿಯ ಮೇಲಕ್ಕೆ ತರುವುದು. ನಮ್ಮ ಹಿತ್ತಲಲ್ಲಿ ಕಂಬಿ ಇರಲಿಲ್ಲ, ಸೀಬೆ ಮರದ ಕೊಂಬೆಯೇ ಗತಿ. ಎರಡನೆಯದು ಅದೇ ಕರ್ಲ್. ಅದನ್ನು ಬಿಡಬೇಕಾಗಿಲ್ಲ, ಅದಕ್ಕೇ ಜೋತುಬೀಳಬಾರದು ಅಷ್ಟೆ. ಕೆಲವು ದಿನ ಹೆಬ್ಬೆರಳು ಮೇಲಿರುವಂತೆ, ಸುತ್ತಿಗೆ ಹಿಡಿದ ಹಾಗೆ ಹಿಡಿದು ಎತ್ತಿದರೆ ಬೈಸೆಪ್ಸ್ ಕೆಳಗೆ ಅಡಗಿರುವ ಇನ್ನೊಂದು ಮಾಂಸಖಂಡಕ್ಕೂ ಕೆಲಸ ಸಿಗುತ್ತದೆ.

ತಳ್ಳುವುದರಲ್ಲಿ ಒಂದು, ಅಪ್ಪ ಕಲಿಸಿದ ಹತ್ತಿರದ ಕೈಯ ದಂಡ. ಇನ್ನೊಂದು, ಭಾರವನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲಿಂದ ಹಿಂದಕ್ಕೆ ಇಳಿಸಿ, ಮತ್ತೆ ಕೈ ನೆಟ್ಟಗೆ ಮಾಡುವುದು. ಟ್ರೈಸೆಪ್ಸ್‌ನ ಉದ್ದನೆಯ ಕವಲು ಹೆಗಲಿನ ಮೂಳೆಯಿಂದ ಹೊರಡುವುದರಿಂದ, ಕೈ ಮೇಲಿದ್ದಾಗಲೇ ಅದು ಪೂರ್ತಿ ಹಿಗ್ಗುತ್ತದೆ. ನಾನು 5 ಲೀಟರ್ ನೀರಿನ ಕ್ಯಾನಿನಿಂದ ಶುರು ಮಾಡಿದೆ.

ಒಂದೊಂದನ್ನೂ ಮೂರು ಸುತ್ತು, ಸುತ್ತಿಗೆ 8ರಿಂದ 12 ಸಲ. ಕೊನೆಯ ಎರಡು ಸಲ ಹಲ್ಲು ಕಚ್ಚುವಂತಿರಬೇಕು. ಸುಲಭವಾಗಿ 12 ಆಯಿತೋ, ಭಾರ ಸ್ವಲ್ಪ ಏರಿಸಬೇಕು. ವಾರಕ್ಕೆ ಎರಡು ದಿನ ಸಾಕು. ನಡುವೆ ಬಿಡುವು ಕೊಡಲೇಬೇಕು. ತೋಳು ಬೆಳೆಯುವುದು ಎತ್ತುವಾಗಲ್ಲ, ಉಂಡು ಮಲಗಿದಾಗ! ಮೈಕೈ ಬಿಗಿತ ಬೇರೆ, ಕೀಲು ನೋವು ಬೇರೆ. ಮೊಣಕೈ ಚುಚ್ಚಿದರೆ ನಿಲ್ಲಿಸಿ. ನನ್ನ ಮೊಣಕೈ ನೋವು ಕರ್ಲ್ ಕಡಿಮೆ ಮಾಡಿದ ಎರಡು ತಿಂಗಳಲ್ಲಿ ಹೋಯಿತು.

ಊಟದ ವಿಷಯ. ತೋಳು ಬೆಳೆಯಬೇಕಾದರೆ ಮೈತೂಕದ ಕಿಲೋಗೆ ಸುಮಾರು 1.6 ಗ್ರಾಂ ಪ್ರೋಟೀನು ದಿನಕ್ಕೆ ಬೇಕು ಅನ್ನುವ ಲೆಕ್ಕವಿದೆ. ನನ್ನ 58 ಕಿಲೋಗೆ 93 ಗ್ರಾಂ. ಡಬ್ಬಿಯ ಪುಡಿ ನನ್ನ ಕೈಗೆ ಎಟುಕದು. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಒಣ ಕಡಲೆಕಾಳು ಅಥವಾ ಹುರುಳಿಯಲ್ಲಿ ಸುಮಾರು 20 ಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ 8 ಗ್ರಾಂ. ಅಮ್ಮನ ಹುರುಳಿ ಸಾರು, ಮೊಟ್ಟೆ, ಕಡಲೆ ಉಸಲಿ ಸೇರಿಸಿ ಹತ್ತಿರ ಹತ್ತಿರ ಮುಟ್ಟಿಸಿದೆ.

ಆಗಸ್ಟಿನಲ್ಲಿ ಜಿಮ್ಮುಗಳು ಬಾಗಿಲು ತೆರೆದಾಗ ಟೇಪು 12 ಇಂಚು ತೋರಿಸಿತು! ಅಷ್ಟರಲ್ಲಿ ಅಪ್ಪ ನಾನು ಮಾತಿಗೆ ಇಳಿದಿದ್ದೆವು. ಮಾತು ಅಂದರೆ ಎಲ್ಲಾ ತೋಳಿನದೇ! ಒಂದು ಸಂಜೆ ಟಿವಿಯಲ್ಲಿ 1983ರ 'ಕಾಮನಬಿಲ್ಲು' ಬಂತು. ಅಣ್ಣಾವ್ರು ಯೋಗಾಸನ ಮಾಡುತ್ತಿದ್ದಾರೆ, ಆಗಲೇ ಐವತ್ತು ದಾಟಿದವರು. ಅಪ್ಪ ಅಂದರು: "ನೋಡು, ಮೈ ಹೇಳಿದ ಹಾಗೆ ಕೇಳುತ್ತೆ. ಅದು ಬಲ."

ಇಲ್ಲಿಗೆ ಕಥೆ ಮುಗಿದಿದ್ದರೆ ಸುಖಾಂತ್ಯ. ಆದರೆ 2022ರಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಎಡಗೈ ಎಡಗಾಲು ಬಿದ್ದುಹೋದವು. ಸ್ಟೀರಿಂಗ್ ತಿರುಗಿಸಿದ ಆ ಕೈ ತಿಂಗಳೊಳಗೆ ಮೊಣಕೈಯಲ್ಲಿ ಮಡಚಿಕೊಂಡು ಎದೆಗೆ ಅಂಟಿಕೊಂಡಿತು. ವ್ಯಾಯಾಮ ಹೇಳಿಕೊಡಲು ಬಂದ ಫಿಸಿಯೋಥೆರಪಿ ಹುಡುಗಿ ವಿವರಿಸಿದಳು: "ಮಡಚೋ ಮಾಂಸಖಂಡ ಬಿಗಿದು ಹಿಡ್ಕೊಂಡಿದೆ ಸಾರ್, ನೆಟ್ಟಗೆ ಮಾಡೋದು ಸೋತಿದೆ. ಇವರು ಕುರ್ಚಿಯಿಂದ ಕೈಯೂರಿ ಏಳೋದು ಅದರಿಂದಲೇ."

ನನಗೆ ಮಾತು ಹೊರಡಲಿಲ್ಲ. ಕನ್ನಡಿಯ ಮುಂದೆ ನಾನು ಆರು ತಿಂಗಳು ಮುದ್ದಿಸಿದ ಆ ಮುಂದಿನ ಉಬ್ಬು ಅಪ್ಪನ ಕೈಯನ್ನು ಕಟ್ಟಿಹಾಕಿತ್ತು. ಯಾರೂ ನೋಡದ ಹಿಂದಿನದು ಅಪ್ಪನನ್ನು ಎಬ್ಬಿಸಬೇಕಿತ್ತು.

ಅವತ್ತಿನಿಂದ ಪಾಠ ಉಲ್ಟಾ ಆಯಿತು. ಅಪ್ಪ ಕೈಯಿರುವ ಕುರ್ಚಿಯಲ್ಲಿ, ನಾನು ಪಕ್ಕದಲ್ಲಿ ನೆಲದ ಮೇಲೆ. ಅವರ ಎಡ ಅಂಗೈಯನ್ನು ಕುರ್ಚಿಯ ಕೈ ಮೇಲೆ ಬಿಡಿಸಿಟ್ಟು ಮೇಲೆ ನನ್ನ ಕೈ ಒತ್ತಿ ಹಿಡಿಯುತ್ತಿದ್ದೆ. "ಅಪ್ಪಾ, ತಳ್ಳಿ." ಮೊದಲ ತಿಂಗಳು ಒಂದಂಗುಲವೂ ಮೇಲೇಳಲಿಲ್ಲ. ಅಪ್ಪ ಸಿಟ್ಟಿನಲ್ಲಿ ಅತ್ತರು. ಮೂರನೇ ತಿಂಗಳು ಒಂದು ಸಲ ಎದ್ದರು. ಅಮ್ಮ ಒಳಗೆ ಮಿಷನ್ ತುಳಿಯುವುದನ್ನು ನಿಲ್ಲಿಸಿ ಬಂದು ನೋಡಿದರು.

ಈಗ ನನ್ನ ತೋಳು 13½ ಇಂಚು. ಹೀರೋಗಳ ಮುಂದೆ ಏನೂ ಅಲ್ಲ. ಫೈಟರ್ ಆಗಲಿಲ್ಲ, ಆಗುವುದೂ ಇಲ್ಲ, ಫೈಟರುಗಳ ಬಗ್ಗೆ ಬರೆಯುತ್ತಿದ್ದೇನೆ. ಅಪ್ಪ ಮತ್ತೆ ಸ್ಟೀರಿಂಗ್ ಹಿಡಿಯಲಿಲ್ಲ. ಆದರೆ ಬೆಳಗ್ಗೆ ಯಾರನ್ನೂ ಕರೆಯದೆ ಕುರ್ಚಿಯಿಂದ ಎದ್ದು ಬಚ್ಚಲಿಗೆ ಹೋಗುತ್ತಾರೆ.

ಬಸ್ಸಿಗೆ ಕಾಯುತ್ತಾ ಇದನ್ನು ಓದುತ್ತಿರುವ ತಮ್ಮಂದಿರೇ, ತೋಳು ಬೆಳೆಸಿ, ಬೇಡ ಅನ್ನುವುದಿಲ್ಲ. ಆರಿಸುವಾಗ ಕನ್ನಡಿಯನ್ನು ಕೇಳಬೇಡಿ. ತೋಳು ಏನೇನು ಕೆಲಸ ಮಾಡಬೇಕು ಅಂತ ಕೇಳಿ, ಎಷ್ಟು ಎಳೆಯುತ್ತೀರೋ ಅಷ್ಟು ತಳ್ಳಿ.

ನಿನ್ನೆ ಸಂಜೆ ಅಪ್ಪ ಕುರ್ಚಿಯಲ್ಲಿ, ನಾನು ನೆಲದಲ್ಲಿ ದಂಡ ಹೊಡೆಯುತ್ತಿದ್ದೆ. ಹದಿನೆಂಟು, ಹತ್ತೊಂಬತ್ತು ಅಂತ ಜೋರಾಗಿ ಎಣಿಸಿದೆ. ಅಪ್ಪ ಗದರಿದರು:

"ನಿಂದು ಆಮೇಲೆ ಎಣಿಸ್ಕೋ. ನಂದು ಒಂಬತ್ತಾಯ್ತು, ಹತ್ತು ಅನ್ನೋ!"