ಬೀಗವಿಲ್ಲದ ಚಾಕು

ಜಪಾನಿನಿಂದ ಬರುವ ಅಪ್ಪ ಏನು ತರಬಹುದು ಎಂದು ಐದನೇ ಕ್ಲಾಸಿನ ಮಗಳು ಹದಿನೈದು ದಿನಗಳಿಂದ ಲೆಕ್ಕ ಹಾಕುತ್ತಿದ್ದಳು. ಗೊಂಬೆ ಇರಬಹುದು, ಗುಂಡಿ ಒತ್ತಿದರೆ ತೆರೆದುಕೊಳ್ಳುವ ಕಂಪಾಸ್ ಬಾಕ್ಸ್ ಇರಬಹುದು. ಕೊನೆಗೆ ಸೂಟ್‌ಕೇಸಿನ ತಳದಿಂದ, ಎರಡು ಬನಿಯನ್ನುಗಳ ನಡುವಿನಿಂದ ಹೊರಬಂದದ್ದು ಒಂದು ಮಡಿಸುವ ಚಾಕು. ಮಗಳ ಮುಖ ಅರಳುವ ಮೊದಲೇ ಅಮ್ಮನ ಮುಖ ಕೆಂಪಾಯಿತು.

‘ಅಷ್ಟು ದೂರ ಹೋಗಿ ಮಗೂಗೆ ಚಾಕು ತಂದಿದೀರಲ್ರೀ!’

ಅಪ್ಪ ತುಮಕೂರಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಮೂರು ವಾರದ ತರಬೇತಿಗೆಂದು ಕೋಬೆ ನಗರಕ್ಕೆ ಹೋಗಿದ್ದವನು ಒಂದು ಭಾನುವಾರ ರೈಲು ಹತ್ತಿ ಮಿಕಿ ಎಂಬ ಊರಿಗೆ ಹೋಗಿದ್ದ. ಬೆಟ್ಟಗಳ ಹಿಂದೆ ಒಂದು ಗಂಟೆಯ ದಾರಿ. ಮಿಕಿ ಕಮ್ಮಾರರ ಊರು. 1578ರಿಂದ 1580ರವರೆಗೆ ಹಿದೆಯೋಶಿಯ ಸೇನೆ ಅಲ್ಲಿಯ ಕೋಟೆಗೆ ಮುತ್ತಿಗೆ ಹಾಕಿತ್ತು. ಹಾಳಾದ ಊರನ್ನು ಮತ್ತೆ ಕಟ್ಟಲು ಬಡಗಿಗಳು ಬಂದರು, ಬಡಗಿಗಳ ಹಿಂದೆ ಅವರಿಗೆ ಉಳಿ, ಗರಗಸ ಮಾಡಿಕೊಡುವ ಕಮ್ಮಾರರು ಬಂದರು ಎಂದು ಊರಿನವರು ಹೇಳುತ್ತಾರೆ. ಗರಗಸಗಳ ಸಾಲಿನ ಕೆಳಗೆ, ಕಾಗದದ ಪುಟ್ಟ ಡಬ್ಬಿಯಲ್ಲಿ ಈ ಚಾಕು ಮಲಗಿತ್ತು. ಹೆಸರು ಹಿಗೊನೊಕಾಮಿ.

ಅಂಗಡಿಯ ಮುದುಕನಿಗೆ ಇಂಗ್ಲಿಷ್ ಬಾರದು, ಇವನಿಗೆ ಜಪಾನಿ ಬಾರದು. ಮುದುಕ ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದು, ಚಾಕು ಬಿಚ್ಚಿ, ನಾಲ್ಕೇ ಎಳೆತಕ್ಕೆ ಮೊನೆ ಮಾಡಿ ತೋರಿಸಿದ. ವ್ಯಾಪಾರ ಮುಗಿಯಿತು.

ನೋಡಲು ಅದರಲ್ಲಿ ಏನೂ ಇಲ್ಲ. ಹಿತ್ತಾಳೆಯ ತಗಡನ್ನು ಉದ್ದಕ್ಕೆ ಮಡಚಿದರೆ ಹಿಡಿ, ಒಂದು ರಿವೆಟ್, ಒಂದು ಅಲಗು, ಅಷ್ಟೇ. ಸ್ಪ್ರಿಂಗು ಇಲ್ಲ, ತೆರೆದ ಅಲಗನ್ನು ಹಿಡಿದು ನಿಲ್ಲಿಸುವ ಬೀಗವೂ ಇಲ್ಲ. ಅಲಗಿನ ಬುಡದಲ್ಲಿ ಚಿಕ್ಕದೊಂದು ಬಾಲವಿದೆ. ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಷ್ಟು ಹೊತ್ತು ಚಾಕು ಅಲುಗದು. ಬೆರಳು ಮೈಮರೆತರೆ ಅಲಗು ತನ್ನ ಗೂಡಿಗೆ ಮರಳಲು ನೋಡುತ್ತದೆ. ಅಲಗಿನ ನಡುವೆ ಗಡಸು ಉಕ್ಕು, ಎರಡು ಪಕ್ಕದಲ್ಲೂ ಮೆತು ಕಬ್ಬಿಣ. ಒಳಗಿನ ಉಕ್ಕಿಗೆ ‘ನೀಲಿ ಕಾಗದದ ಉಕ್ಕು’ ಎಂದು ಹೆಸರು. ನೀಲಿ ಬಣ್ಣ ಉಕ್ಕಿನದಲ್ಲ, ಅದನ್ನು ಸುತ್ತಿಡುತ್ತಿದ್ದ ಕಾಗದದ್ದು!

1890ರ ದಶಕದಲ್ಲಿ ಹುಟ್ಟಿದ ಈ ಚಾಕು ಜಪಾನಿನ ಶಾಲಾಮಕ್ಕಳ ಜೇಬಿನಲ್ಲೇ ಬೆಳೆಯಿತು. ಪೆನ್ಸಿಲ್ ಚೂಪು ಮಾಡುವುದಕ್ಕೂ ಅದೇ, ಬಿದಿರಿನ ಆಟಿಕೆ ಕೆತ್ತುವುದಕ್ಕೂ ಅದೇ. ಆಮೇಲೆ 1960ರ ಅಕ್ಟೋಬರ್ 12ರಂದು ಟೋಕಿಯೋದ ಸಭೆಯೊಂದರಲ್ಲಿ ಸಮಾಜವಾದಿ ನಾಯಕ ಅಸಾನುಮಾ ಅವರನ್ನು ಹದಿನೇಳು ವರ್ಷದ ಹುಡುಗನೊಬ್ಬ ಇರಿದು ಕೊಂದ. ಅವನ ಕೈಯಲ್ಲಿದ್ದುದು ಗಿಡ್ಡ ಕತ್ತಿ, ಹಿಗೊನೊಕಾಮಿ ಅಲ್ಲ. ಆದರೆ ಬೆಚ್ಚಿಬಿದ್ದ ಹಿರಿಯರು ಅಷ್ಟನ್ನೆಲ್ಲ ವಿಂಗಡಿಸುತ್ತ ಕೂರುತ್ತಾರೆಯೆ? ಮಕ್ಕಳ ಕೈಗೆ ಹರಿತದ ವಸ್ತು ಕೊಡಬಾರದೆಂಬ ಚಳವಳಿ ದೇಶದಲ್ಲೆಲ್ಲ ಹಬ್ಬಿತು. ಚಾಕು ಹೋಗಿ ಮೇಜಿನ ಮೇಲೆ ಹಿಡಿ ತಿರುಗಿಸುವ ಮೆಂಡರ್ ಬಂತು. ಮಿಕಿಯ ಕುಲುಮೆಗಳು ಒಂದೊಂದಾಗಿ ಆರಿದವು. ಇಂದು ಈ ಹೆಸರಿನ ಅಚ್ಚು ಒತ್ತುವ ಹಕ್ಕು ನಾಗಾಓ ಕಾನೆಕೊಮಾ ಎಂಬ ಒಂದೇ ಕುಲುಮೆಯಲ್ಲಿ ಉಳಿದಿದೆ. ಸರಿಯಾದ ಕಾರಣವಿಲ್ಲದೆ ಚಾಕುವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವುದು ಆ ದೇಶದಲ್ಲಿ ಅಪರಾಧ. ಆದರೂ ನಾಗಾನೊ ಪ್ರಾಂತದ ಇಕೇಡಾ ಎಂಬಲ್ಲಿನ ಐಸೊಮೆ ಪ್ರಾಥಮಿಕ ಶಾಲೆಯಲ್ಲಿ, ಹೊಸದಾಗಿ ಸೇರಿದ ಮಕ್ಕಳಿಗೆ ಒಂದೊಂದು ಹಿಗೊನೊಕಾಮಿ ಕೊಟ್ಟು ಪೆನ್ಸಿಲ್ ಹೆರೆಯುವುದನ್ನು ಕಲಿಸುವ ರೂಢಿ 1980ರ ದಶಕದಲ್ಲಿ ಶುರುವಾಯಿತು.

ಅಪ್ಪ ಇದನ್ನೆಲ್ಲ ಊಟದ ಹೊತ್ತಿಗೆ ಒಪ್ಪಿಸಿದ. ಅಮ್ಮ ಕೇಳಿಸಿಕೊಂಡಳೋ ಇಲ್ಲವೋ, ಚಾಕುವನ್ನು ಒಯ್ದು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಅಜ್ಜಿ ಮಾತ್ರ ಗೊಣಗಿದರು: ‘ಈಳಿಗೆಮಣೆ ಮುಂದೆ ಕೂತು ಸೌತೇಕಾಯಿ ಹೆಚ್ಚೋದು ಕಲಿಸೋವಾಗ ಅದಕ್ಕೆ ಆರು ವರ್ಷ. ಅದರ ಅಲಗಿಗೆ ಮುಚ್ಚಳ ಇತ್ತೇನಮ್ಮ?’ ಸೊಸೆ ಉತ್ತರ ಕೊಡಲಿಲ್ಲ.

ಕೊಡದಿರುವುದಕ್ಕೂ ಕಾರಣವಿತ್ತು. ಅವಳ ಎಡಗೈ ಹೆಬ್ಬೆರಳಿನಲ್ಲಿ ಓರೆಯಾದ ಬಿಳಿ ಗೆರೆಯೊಂದಿದೆ. ನಾಲ್ಕನೇ ಕ್ಲಾಸಿನಲ್ಲಿ ಎಲ್ಲರಂತೆ ಅವಳೂ ಅರ್ಧ ಬ್ಲೇಡಿನಲ್ಲಿ ಪೆನ್ಸಿಲ್ ಹೆರೆಯುತ್ತಿದ್ದಳು. ಒಂದು ದಿನ ಬ್ಲೇಡು ಬಾಗಿ ಜಾರಿತು. ಮನೆಯಲ್ಲಿ ಹೇಳಿದರೆ ಏಟು, ಶಾಲೆಯಲ್ಲಿ ಹೇಳಿದರೂ ಏಟು. ಎರಡು ದಿನ ಬೆರಳನ್ನು ಲಂಗದ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡಿದ್ದಳು. ಮೂರನೆಯ ದಿನ ಗಾಯ ಕೀವಾಗಿ ಜ್ವರ ಬಂದಾಗಲೇ ವಿಷಯ ಹೊರಬಿದ್ದದ್ದು.

ಬೀರುವಿನ ಬೀಗ ತೆರೆಯಲು ಒಂದು ವಾರ ಬೇಕಾಯಿತು. ಕರಾರುಗಳೂ ಆದವು. ಚಾಕು ಶಾಲೆಯ ಬ್ಯಾಗಿಗೆ ಹೋಗಕೂಡದು. ದೊಡ್ಡವರೊಬ್ಬರು ಪಕ್ಕದಲ್ಲಿ ಕೂತಿರಬೇಕು. ಬೆರಳು ಕುಯ್ದರೆ ಆ ಕ್ಷಣವೇ ಹೇಳಬೇಕು, ಯಾರೂ ಬೈಯುವ ಹಾಗಿಲ್ಲ. ಕೊನೆಯ ಕರಾರನ್ನು ಅಮ್ಮ ಎರಡು ಸಲ ಹೇಳಿದಳು.

ಭಾನುವಾರ ಬೆಳಿಗ್ಗೆ ಹಜಾರದಲ್ಲಿ ಹಳೆಯ ಪೇಪರು ಹರಡಿ ಪಾಠ ಶುರುವಾಯಿತು. ಬಲಗೈಯದು ಹಿಡಿಯುವ ಕೆಲಸ ಮಾತ್ರ. ಅಲಗಿನ ಬೆನ್ನನ್ನು ಮುಂದಕ್ಕೆ ನೂಕುವುದು ಪೆನ್ಸಿಲ್ ಹಿಡಿದ ಎಡಗೈಯ ಹೆಬ್ಬೆರಳು. ಹೇಳಿಕೊಡುವ ಉತ್ಸಾಹದಲ್ಲಿ ಅಪ್ಪ ಬಾಲದ ಮೇಲಿನ ಬೆರಳನ್ನು ಮರೆತ. ಅಲಗು ಮಡಚಿಕೊಂಡು ಅವನ ತೋರುಬೆರಳನ್ನೇ ಕಚ್ಚಿತು. ದೊಡ್ಡ ಗಾಯವೇನಲ್ಲ. ಅವನು ಸುಮ್ಮನೆ ಕೈ ಹಿಂದೆ ಇಟ್ಟುಕೊಳ್ಳಲು ನೋಡಿದ.

‘ಅಮ್ಮಾ, ಅಪ್ಪ ಕುಯ್ಕೊಂಡ್ರು, ಹೇಳ್ತಾ ಇಲ್ಲ!’

ಅಮ್ಮ ಅರಿಶಿನದ ಡಬ್ಬಿ ಹಿಡಿದು ಬಂದಳು. ಕರಾರಿನಂತೆ ಬೈಯಲಿಲ್ಲ; ನಗು ತಡೆಯುವುದೇ ಕಷ್ಟವಾಗಿತ್ತು.

ಮಗಳ ಮೊದಲ ಮೂರು ಪೆನ್ಸಿಲ್‌ಗಳು ಇಲಿ ಕಡಿದಂತಾದವು. ನಾಲ್ಕನೆಯದು ಪರವಾಗಿಲ್ಲ. ತಿಂಗಳೊಳಗೆ ಸೀಸ ಮುರಿಯುವುದು ನಿಂತಿತು. ನಿಂಬೆಹಣ್ಣು ಕುಯ್ದು ಒರೆಸದೆ ಇಟ್ಟಿದ್ದಕ್ಕೆ ಅಲಗಿಗೆ ಕಪ್ಪು ಕಲೆ ಹಿಡಿದು, ತೆಂಗಿನೆಣ್ಣೆ ಸವರಿ ಇಡುವುದೂ ಅಭ್ಯಾಸವಾಯಿತು. ರಿವೆಟ್ ಸಡಿಲವಾದಾಗ ಅಪ್ಪ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಬಿಗಿ ಮಾಡಿದ. ಮಸೆಯುವ ಕಲ್ಲು ಅಜ್ಜಿಯ ಸುಪರ್ದಿಗೆ ಹೋಯಿತು.

ಪರೀಕ್ಷೆಯ ಹಿಂದಿನ ಸಂಜೆ ಮಗಳು ಪೇಪರು ಹರಡಿ ಕೂತಿದ್ದಳು. ಅಪ್ಪ ಇನ್ನೂ ಬಂದಿರಲಿಲ್ಲ. ಪಕ್ಕದಲ್ಲಿ ಕೂರಬೇಕಾದ ಸರದಿ ಅಮ್ಮನದು. ಸ್ವಲ್ಪ ಹೊತ್ತು ನೋಡುತ್ತಿದ್ದವಳು ‘ಕೊಡೇ ಇಲ್ಲಿ’ ಎಂದು ಚಾಕು ಈಸಿಕೊಂಡಳು. ಬಾಲದ ಮೇಲೆ ಬಲ ಹೆಬ್ಬೆರಳು, ಅಲಗಿನ ಬೆನ್ನ ಮೇಲೆ ಬಿಳಿ ಗೆರೆಯ ಎಡ ಹೆಬ್ಬೆರಳು. ತೆಳುವಾದ ಸಿಪ್ಪೆ ಸುರುಳಿ ಸುತ್ತಿ ಪೇಪರಿನ ಮೇಲೆ ಬಿತ್ತು, ಇನ್ನೊಂದು ಬಿತ್ತು. ಉದ್ದನೆಯ ಮೊನೆಯನ್ನು ಬೆಳಕಿಗೆ ಹಿಡಿದು ನೋಡಿ, ಇನ್ನೊಂದು ಪೆನ್ಸಿಲ್‌ಗೆ ಕೈ ಚಾಚಿದಳು.